ಕಾವಲುಗಾರನ ಸುಳ್ಳು ಕೂಗು

ಊರಿಗೆ ತಳವಾರನಿದ್ದಂತೆ ಗಣಕಯಂತ್ರಕ್ಕೆ ಆಂಟಿವೈರಸ್ ಎಂಬುದು ವಾಚಕರಿಗೆ ತಿಳಿದ ವಿಷಯವೇ ಸರಿ. ಕಳ್ಳನನ್ನು ಕಂಡು ಕೂಗುವುದು ಅದರ ಧರ್ಮ. ಆದರೆ ಬಾಗಿಲಿಗೆ ಬಂದ ಬೀಗರನ್ನೇ ಕಳ್ಳರೆಂದು ಕೂಗಿದರೆ ಮನೆಯವರು ಮಾಡುವುದೇನು? ನಂಬಿ ಬಳಸುತ್ತಿರುವ ತಂತ್ರಾಂಶದ ಹೊಸ ಅಪ್‌ಡೇಟನ್ನು ಹಾಕಿಕೊಳ್ಳುವಾಗ ಅಪಾಯವೆಂಬ ಕೆಂಪು ಸೂಚನೆ ಮೂಡುವುದುಂಟು. ಆಗ ಹಲವರು ಹೆದರಿ ಕೆಲಸವನ್ನೇ ಕೈಬಿಡುವರು. ಉಳಿದವರು ಕಾವಲುಗಾರನನ್ನೇ ಮಲಗಿಸಿ ಬಾಗಿಲು ತೆರೆಯುವರು. ಈ ಎರಡು ದಾರಿಗಳೂ ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಸುಳ್ಳು ಕೂಗಿಗೆ ಕಾರಣವಿಲ್ಲದಿಲ್ಲ. ಆಂಟಿವೈರಸ್ಸು ಹಳೆಯ ಕಳ್ಳರ ಗುರುತುಗಳನ್ನು ಪಟ್ಟಿ ಮಾಡಿಟ್ಟುಕೊಂಡಿರುತ್ತದೆ. ಅದಲ್ಲದೆ, ಹೊಸಬರ ನಡತೆಯನ್ನು ನೋಡಿ ಊಹಿಸುವುದೂ ಉಂಟು. ನುಡಿ, ಬರಹದಂಥ ತಂತ್ರಾಂಶಗಳು ನಾವು ಒತ್ತಿದ ಕೀಲಿಯನ್ನು ನಡುವೆಯೇ ಹಿಡಿದು ಕನ್ನಡ ಅಕ್ಷರವನ್ನಾಗಿ ಮಾರ್ಪಡಿಸುತ್ತವೆ. ಪಾಸ್‌ವರ್ಡ್ ಕದಿಯುವ ತಂತ್ರಾಂಶವೂ ಕೀಲಿಗಳನ್ನು ಹೀಗೆಯೇ ಹಿಡಿಯುತ್ತದೆ. ಸಾಧುವೂ ಚೋರನೂ ಒಂದೇ ಹೆಜ್ಜೆ ಇಟ್ಟರೆ ಯಂತ್ರಕ್ಕೆ ಸಂಶಯ ಬಾರದಿದ್ದೀತೆ? ಮೇಲಾಗಿ, ಹೆಚ್ಚು ಜನ ಬಳಸದ ಹೊಸ ಕಡತವನ್ನು ಕಂಡರೆ ಅದಕ್ಕೆ ಅನುಮಾನ ಹೆಚ್ಚು. ಇಂಗ್ಲಿಷಿನ ದೊಡ್ಡ ತಂತ್ರಾಂಶಕ್ಕೆ ಒಂದೇ ದಿನದಲ್ಲಿ ಸಿಕ್ಕುವ ಪರಿಚಯವು ಸಣ್ಣ ಬಳಗದ ಕನ್ನಡ ತಂತ್ರಾಂಶಕ್ಕೆ ಬೇಗನೆ ಸಿಕ್ಕದು.

ದೊಡ್ಡವರೂ ಎಡವಿದ್ದಾರೆ. 2010ರ ಏಪ್ರಿಲ್ 21ರಂದು ಮೆಕಾಫಿ ಆಂಟಿವೈರಸ್ಸು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವೊಂದನ್ನೇ ವೈರಸ್ಸೆಂದು ಬಗೆಯಿತು. ಪರಿಣಾಮವಾಗಿ ಲೋಕದ ಅನೇಕ ಕಡೆ ಗಣಕಯಂತ್ರಗಳು ಮತ್ತೆ ಮತ್ತೆ ಆರಿ ಹೊತ್ತತೊಡಗಿದವು.

ಹಾಗಾದರೆ ಕೂಗಿಗೆ ಕಿವಿಗೊಡುವುದೇ ಬೇಡವೆನ್ನೋಣವೆ? 2017ರ ಸಂಗತಿ ಬೇರೆ ಪಾಠ ಹೇಳುತ್ತದೆ. ಆ ವರ್ಷ ಸಿಕ್ಲೀನರ್ ಎಂಬ ಜನಪ್ರಿಯ ತಂತ್ರಾಂಶದ ಅಪ್‌ಡೇಟಿನೊಳಗೆ ದುಷ್ಕರ್ಮಿಗಳು ವಿಷ ಬೆರೆಸಿದರು. ಅದರ ಮೇಲೆ ತಯಾರಕರ ನಿಜವಾದ ಡಿಜಿಟಲ್ ಸಹಿಯೇ ಇತ್ತು. ಆ ಸಂಸ್ಥೆಯನ್ನು ಅದೇ ವರ್ಷ ಅವಾಸ್ಟ್ ಎಂಬ ಆಂಟಿವೈರಸ್ ಕಂಪನಿ ಕೊಂಡಿತ್ತು! 22 ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಆ ಅಪ್‌ಡೇಟು ಹೊಕ್ಕಿತು. ನಂಬಿಗಸ್ತನ ಹೆಸರಿನಲ್ಲಿಯೂ ಕಳ್ಳ ಬರಬಲ್ಲನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಗರಖೇಡದಂಥ ಭೀಮಾತೀರದ ಊರಿನವರಿಗೆ ಇದು ಹೊಸ ಮಾತಲ್ಲ. ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆಂಬ ಸುದ್ದಿ ಬಂದರೆ ಹೊಳೆದಂಡೆಯ ಪಂಪ್‌ಸೆಟ್ಟನ್ನು ಮೇಲಕ್ಕೆ ಸಾಗಿಸಬೇಕು. ಒಮ್ಮೆ ಸುದ್ದಿ ಸುಳ್ಳಾಯಿತೆಂದು ಮುಂದಿನ ಸಲ ಮಲಗಿ ನಿದ್ರಿಸಲಾದೀತೆ? 2020ರ ಅಕ್ಟೋಬರಿನ ಮಹಾಪೂರವನ್ನು ಕಂಡವರು ಹಾಗೆನ್ನಲಾರರು. ಎಷ್ಟು ನೀರು ಬಿಟ್ಟರು, ಯಾವಾಗ ಬಿಟ್ಟರು, ಹೇಳಿದವರು ಯಾರು ಎಂದು ವಿಚಾರಿಸುವುದೇ ಜಾಣತನ.

ಗಣಕಯಂತ್ರದ ಮುಂದೆಯೂ ಇದೇ ವಿಚಾರಣೆ ಬೇಕು. ಅಪ್‌ಡೇಟು ತಯಾರಕರ ಸ್ವಂತ ತಾಣದಿಂದ ಬಂದಿದೆಯೆ? ಸಹಿ ಇದೆಯೆ? ಅನೇಕ ಆಂಟಿವೈರಸ್ಸುಗಳಿಂದ ಒಮ್ಮೆಗೇ ಪರೀಕ್ಷಿಸುವ ವೈರಸ್‌ಟೋಟಲ್ ಏನೆನ್ನುತ್ತದೆ? ಸಂಶಯ ತೀರದಿದ್ದರೆ ನಾಲ್ಕು ದಿನ ತಾಳಿದರೆ ಗಂಟೇನೂ ಹೋಗದು. ಆದರೆ ಹೊಣೆಯನ್ನೆಲ್ಲ ನಮ್ಮ ತಲೆಗೇ ಕಟ್ಟುವುದು ನ್ಯಾಯವಲ್ಲ. ಆಂಟಿವೈರಸ್ಸನ್ನು ಆಫ್ ಮಾಡಿ ಹಾಕಿಕೊಳ್ಳಿರೆಂದು ಹೇಳಿ ಕೈತೊಳೆದುಕೊಳ್ಳುವ ತಯಾರಕರು ಜನರಿಗೆ ಬಾಗಿಲು ತೆರೆದಿಟ್ಟು ಮಲಗುವ ಅಭ್ಯಾಸ ಕಲಿಸುತ್ತಾರೆ. ಅವರು ತಮ್ಮ ಕಡತವನ್ನು ಆಂಟಿವೈರಸ್ ಕಂಪನಿಗಳ ಪರಿಶೀಲನೆಗೆ ಕಳಿಸಿ ತಪ್ಪು ತಿದ್ದಿಸಬೇಕು. ಎಚ್ಚರಿಕೆಯ ಮಾತೂ ಕನ್ನಡದಲ್ಲಿರಬೇಕು.

ನನ್ನಂತೆ ಮನೆಯಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲೇರಿದವರ ಪಾಲಿಗೆ ಅಪ್ಪನ ಪಹಣಿ, ಅಜ್ಜಿಯ ಪಿಂಚಣಿ, ತಮ್ಮನ ವಿದ್ಯಾರ್ಥಿವೇತನದ ಕೆಲಸಗಳೆಲ್ಲ ಬಂದಿವೆ. ತಿಳಿಯದ ಭಾಷೆಯ ಕೆಂಪು ಸೂಚನೆಯೆದುರು ನಾವು ಒತ್ತುವ ಒಂದು ಗುಂಡಿಯ ಫಲವನ್ನು ಮನೆಮಂದಿಯೆಲ್ಲ ಉಣ್ಣಬೇಕಾಗುವುದು. ಆದುದರಿಂದ ಗೆಳೆಯರೆ, ಕೂಗಿಗೆ ಬೆದರುವುದೂ ಬೇಡ, ಕೂಗುವವನ ಬಾಯಿ ಕಟ್ಟುವುದೂ ಬೇಡ. ದೀಪ ಹಿಡಿದು ಬಂದವರ ಮುಖ ನೋಡಿ ಬಾಗಿಲು ತೆರೆಯೋಣ.