ಕೊಳಗ ಯಾರ ಕೈಯಲ್ಲಿ?

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಗೆ ಹೋದವರು ಪಾಳುಗುಡಿಗಳನ್ನು ಸುತ್ತಿ, ಶಾಂತಿನಾಥ ಬಸದಿ ನೋಡಿ ವಾಪಸು ಬರುತ್ತಾರೆ. ಅಲ್ಲಿನ ಕಲ್ಲು ಓದುವವರು ಕಡಿಮೆ. ಹತ್ತನೆಯ ಶತಮಾನದ ಮೊದಲಲ್ಲಿ, ರಾಷ್ಟ್ರಕೂಟರ ಕಾಲಕ್ಕೆ, ಗಂಡ ತೀರಿಹೋದ ಮೇಲೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಕೆಯನ್ನು ತಾನೇ ನಡೆಸಿದ ಜಕ್ಕಿಯಬ್ಬೆಯ ಸಂಗತಿ ಇಲ್ಲಿನ ಶಾಸನದಲ್ಲಿದೆ. ಹಳೆಯ ದಾನಶಾಸನ ಯಾವುದನ್ನೇ ತೆಗೆಯಿರಿ, ಕೊಟ್ಟವರು ಯಾರು, ಪಡೆದವರು ಯಾರು, ಭೂಮಿ ಎಷ್ಟು, ಮೇರೆ ಎಲ್ಲಿ ಎಂದು ಬರೆದಿರುತ್ತದೆ. ಕೊನೆಗೆ, ತಪ್ಪಿ ನಡೆದವರಿಗೆ ಶಾಪ. ಅದೂ ಊರಿನ ನಡುವೆ ನಿಲ್ಲಿಸಿದ ಕಲ್ಲಿನಲ್ಲಿ.

ಈಗ ದೊಡ್ಡ ಕಂಪೆನಿಗಳೂ ಶಾಸನ ಬರೆಸುತ್ತಿವೆ. ಆದರೆ ನುಣುಪು ಕಾಗದದ ಮೇಲೆ, ಇಂಗ್ಲಿಷಿನಲ್ಲಿ, ಶೇರುದಾರರ ಕಣ್ಣಿಗೆ. 2022-23ರಿಂದ ಶೇರುಪೇಟೆಯ ಮೊದಲ ಸಾವಿರ ಕಂಪೆನಿಗಳು ತಮ್ಮ ಹೊಣೆಗಾರಿಕೆಯ ವರದಿ ಕೊಡಲೇಬೇಕೆಂದು ಸೆಬಿ ಕಟ್ಟು ಮಾಡಿದೆ. ಖಾಯಂ ಕೆಲಸಗಾರರು ಎಷ್ಟು, ಖಾಯಂ ಅಲ್ಲದವರು ಎಷ್ಟು, ಕನಿಷ್ಠ ಕೂಲಿ ಎಷ್ಟು ಜನಕ್ಕೆ ಸಿಕ್ಕಿತು, ವಿಮೆ ಉಂಟೋ, ಕೆಲಸದಲ್ಲಿ ಸತ್ತವರೆಷ್ಟು, ಗಾಯಗೊಂಡವರೆಷ್ಟು, ದೂರು ಎಷ್ಟು ಬಂತು, ಎಲ್ಲ ಬರೆಯಬೇಕು. ಕೇಳುವುದಕ್ಕೆ ಒಳ್ಳೆಯದೇ. ಯಾರೂ ಬೇಡವೆನ್ನುವುದಿಲ್ಲ. ಆದರೆ ಬರೆಯುವವನು ಯಾರು? ಅಳೆಯುವವನು ಯಾರು? ಬರೆದದ್ದು ಸುಳ್ಳಾದರೆ ತಟ್ಟುವ ಶಾಪ ಯಾವುದು?

ರೈತ ಬಂಧುಗಳೇ, ಇದು ನಮಗೆ ಹೊಸ ಪ್ರಶ್ನೆಯಲ್ಲ. ಸೊರಬದ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾವುದಕ್ಕೆ? ಗೇಣಿ ಅಳೆಯುವ ಕೊಳಗದ ಗಾತ್ರಕ್ಕೆ. ಗೇಣಿಯ ಲೆಕ್ಕ ಕಾಗದದಲ್ಲಿ ಸರಿಯಾಗಿಯೇ ಇರುತ್ತಿತ್ತು, ಕೊಳಗ ಮಾತ್ರ ಒಡೆಯನ ಮನೆಯದು! ಇವತ್ತಿನ ಕಂಪೆನಿ ವರದಿಯೂ ಒಡೆಯನ ಮನೆಯ ಕೊಳಗವೇ. ಕಂಪೆನಿಯೇ ಅಳೆಯುತ್ತದೆ. ಇಲ್ಲವೇ ಕಂಪೆನಿಯೇ ದುಡ್ಡು ಕೊಟ್ಟು ಕರೆಸಿದ ತಪಾಸಣೆಗಾರ ಅಳೆಯುತ್ತಾನೆ.

ಅಂಥ ತಪಾಸಣೆಯ ಬೆಲೆ ಏನೆಂದು ಲೋಕ ನೋಡಿದೆ. 2012ರ ಸೆಪ್ಟೆಂಬರಿನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸುಟ್ಟುಹೋದರು. ಕೆಲವೇ ವಾರಗಳ ಹಿಂದೆ ಆ ಕಾರ್ಖಾನೆಗೆ ಕೆಲಸದ ಸ್ಥಿತಿಗತಿ ಚೆನ್ನಾಗಿದೆಯೆಂದು ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತ್ತು.

ದೂರದ ಮಾತು ಬಿಡಿ, ನಮ್ಮ ರಾಜ್ಯಕ್ಕೇ ಬರೋಣ. ಕೋಲಾರದ ನರಸಾಪುರದಲ್ಲಿ ಆಪಲ್ ಫೋನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಕೂಲಿ ಸರಿಯಾಗಿ ಬರಲಿಲ್ಲವೆಂದು ಹುಡುಗರು ಸಿಟ್ಟಿಗೆದ್ದು ಗಾಜು ಒಡೆದರು. ಆಪಲ್ ಎಂದರೆ ತನ್ನ ಸರಬರಾಜುದಾರರ ಕೆಲಸದ ಸ್ಥಿತಿ ಬಗ್ಗೆ ವರ್ಷವರ್ಷವೂ ವರದಿ ಹೊರಡಿಸುವ ಕಂಪೆನಿ. ಗಾಜು ಒಡೆದ ಮೇಲೆಯೇ ಅದಕ್ಕೆ ಅಲ್ಲಿನ ತಪ್ಪು ಕಂಡದ್ದು, ಕೆಲವರಿಗೆ ಕೂಲಿ ಸರಿಯಾಗಿ ಕೊಟ್ಟಿಲ್ಲವೆಂದು ವಿಸ್ಟ್ರಾನ್ ಒಪ್ಪಿಕೊಂಡದ್ದು. ವರದಿಗೆ ಕಾಣದ್ದು ಕಲ್ಲಿಗೆ ಕಂಡಿತು! ಕಲ್ಲೆಸೆದದ್ದು ಸರಿ ಎಂದು ಹೇಳುತ್ತಿಲ್ಲ. ಕಲ್ಲು ಬೀಳುವ ತನಕ ಕಾಣದ ಕಣ್ಣು ಎಂಥ ಕಣ್ಣು ಎಂದು ಕೇಳುತ್ತಿದ್ದೇವೆ.

ಸಿದ್ಧ ಉಡುಪಿನ ಕಥೆಯೂ ಅದೇ. ಹಳ್ಳಿಯ ನಮ್ಮ ಹೆಣ್ಣುಮಕ್ಕಳು ಸಾಲದ ಕಂತು ಕಟ್ಟಲೆಂದು ಬಸ್ಸು ಹತ್ತಿ ಹೋಗುವ ಕೆಲಸ ಅದು. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ. ಅದನ್ನು ರಾಜ್ಯದ ಬಹುಪಾಲು ಕಾರ್ಖಾನೆಗಳು ತಡೆಹಿಡಿದವು. ಮುಂದೂಡಿಕೆಗೆ ಸರ್ಕಾರವೇ ಅಪ್ಪಣೆ ಕೊಟ್ಟಿತ್ತು. ಹೈಕೋರ್ಟು ಆ ಅಪ್ಪಣೆಗೆ ತಡೆ ಕೊಟ್ಟ ಮೇಲೂ ಬಾಕಿ ಬಿಚ್ಚಿಸಲು 2022ರವರೆಗೆ ಹೋರಾಡಬೇಕಾಯಿತು. ಆ ಬಟ್ಟೆ ಕೊಂಡ ವಿದೇಶಿ ಬ್ರಾಂಡುಗಳ ನೀತಿಸಂಹಿತೆಯಲ್ಲಿ ಮಾತ್ರ ಕನಿಷ್ಠ ಕೂಲಿಯ ಮಾತು ಅಚ್ಚಾಗಿಯೇ ಇತ್ತು.

ಇನ್ನು ನಮ್ಮ ಪಾಲಿಗೆ ಬನ್ನಿ. ಕಂಪೆನಿಗೆ ಮಾಲು ಕೊಡುವವರ ಕಡೆಯೂ ನೋಡಬೇಕೆಂದು ನಿಯಮ ಬಂತು. ಯಾರ ಕಡೆ? ಕಂಪೆನಿಯ ಒಟ್ಟು ಖರೀದಿಯಲ್ಲಿ ಒಬ್ಬೊಬ್ಬನದು ಶೇಕಡಾ 2 ಇದ್ದವರ ಕಡೆ. ಅದೂ ಈಗ ಐಚ್ಛಿಕ, ಬೇಕಾದರೆ ಕೊಡಬಹುದು. ಬಂದಳಿಕೆಯ ರೈತ ನಲವತ್ತು ಕ್ವಿಂಟಲ್ ಮೆಕ್ಕೆಜೋಳ ಮಂಡಿಗೆ ಹಾಕಿದ ಅನ್ನಿ. ಅದು ವ್ಯಾಪಾರಿಯ ಕೈ ದಾಟಿ ಕೋಳಿ ಆಹಾರಕ್ಕೋ, ಪಿಷ್ಟಕ್ಕೋ, ಎಥನಾಲಿಗೋ ಹೋಯಿತು. ಇವನ ಪಾಲು ಶೇಕಡಾ ಎರಡಾಗುವುದು ಯಾವ ಜನ್ಮಕ್ಕೆ? ಕಳೆ ಕಿತ್ತ ಹೆಂಡತಿ, ಚೀಲ ಹೊತ್ತ ಹಮಾಲಿ, ಯಾರೂ ಆ ವರದಿಯಲ್ಲಿ ಹುಟ್ಟೇ ಇಲ್ಲ.

ಬೆಲೆಯ ಲೆಕ್ಕ ನೋಡಿ. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. 2025ರ ನವೆಂಬರಿನಲ್ಲಿ ರಾಜ್ಯದ ಮಾರುಕಟ್ಟೆಯಲ್ಲಿ ಸಿಕ್ಕಿದ್ದು 1,600ರಿಂದ 1,800. ಕ್ವಿಂಟಲಿಗೆ 600 ಎಂದೇ ಹಿಡಿದರೂ ನಲವತ್ತು ಕ್ವಿಂಟಲಿಗೆ 24,000 ರೂಪಾಯಿ ಹೋಯಿತು. ಎಲ್ಲಿ ಹೋಯಿತು? ಮನೆಮಂದಿಯ ಕೂಲಿ ಹೋಯಿತು. ಗೊಬ್ಬರದಂಗಡಿಯವನು ಬಿಡಲಿಲ್ಲ, ಸಂಘದವರು ಬಡ್ಡಿ ಬಿಡಲಿಲ್ಲ, ಬಿಟ್ಟದ್ದು ನಮ್ಮ ಬೆವರನ್ನು ನಾವೇ. ಕಾರ್ಖಾನೆಯೊಳಗೆ ಕೂಲಿ ಹಿಡಿದರೆ ಅಪರಾಧ. ಹೊಲದ ಕೂಲಿಯನ್ನು ಬೆಲೆಯೊಳಗೆ ಹಿಡಿದರೆ ಅದಕ್ಕೆ ವ್ಯಾಪಾರ ಅಂತ ಹೆಸರು!

ಹಾಗಂತ ನಾವೇನು ತೊಳೆದ ಮುತ್ತುಗಳೇ? ನಮ್ಮ ಹೊಲದಲ್ಲೇ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಔಷಧಿ ಹೊಡೆಯುವವನ ಮೂಗಿಗೆ ಬಟ್ಟೆಯಿಲ್ಲ. ಬೆಲೆ ಸಿಗದ್ದು ನಿಜ, ಆದರೆ ಅದನ್ನೇ ನೆಪ ಮಾಡಿಕೊಂಡು ನಮಗಿಂತ ಬಡವರ ಮೇಲೆ ನಷ್ಟ ಇಳಿಸಿದರೆ ಕಂಪೆನಿಯನ್ನು ಕೇಳುವ ಬಾಯಿ ನಮಗೆ ಉಳಿಯುವುದಿಲ್ಲ. ನಾಳ್ಗಾವುಂಡಿಕೆ ಮಾಡಿದ ಹೆಣ್ಣಿನ ಊರಿನಲ್ಲಿ ಹೆಣ್ಣಾಳಿಗೆ ಅರೆಗೂಲಿ ಎಂದರೆ ನಾಚಿಕೆಯಾಗಬೇಕು.

ಆದ್ದರಿಂದ ನಾವು ಕೇಳಬೇಕಾದ್ದು ಇಷ್ಟು. ಕೃಷಿ ಮಾಲು ಕೊಳ್ಳುವ ಪ್ರತಿ ಕಂಪೆನಿ, ಯಾವ ತಾಲ್ಲೂಕಿನಿಂದ ಎಷ್ಟು ಮಾಲು ತಂದಿತು, ಬೆಳೆದವನಿಗೆ ಎಷ್ಟು ಮುಟ್ಟಿತು ಎಂದು ವರದಿಯಲ್ಲಿ ಬರೆಯಲಿ. ಗುತ್ತಿಗೆ ಕೂಲಿ, ಹಮಾಲಿ, ಲಾರಿಯವರ ಲೆಕ್ಕ ಸೇರಲಿ. ವರದಿ ಕನ್ನಡದಲ್ಲಿ ಗ್ರಾಮ ಪಂಚಾಯಿತಿಗೆ ಬರಲಿ, ಸಭೆಯಲ್ಲಿ ಓದಲಿ. ತಪಾಸಣೆಗಾರನ ಸಂಬಳ ಕಂಪೆನಿಯ ಕೈಯಿಂದ ಬರಬಾರದು. ಸುಳ್ಳು ಬರೆದರೆ ದಂಡ ಬೀಳಲಿ, ಬಾಕಿ ಕೂಲಿ ಬಡ್ಡಿ ಸಮೇತ ಬರಲಿ.

ನಮ್ಮ ಹಿರಿಯರು ಶಾಪ ಬರೆಯದೆ ಶಾಸನ ಮುಗಿಸುತ್ತಿರಲಿಲ್ಲ. ಹೊಸ ಶಾಸನಕ್ಕೆ ಕಾನೂನೇ ಶಾಪವಾಗಬೇಕು. ಅಲ್ಲಿಯವರೆಗೆ ಕೊಳಗ ಒಡೆಯನದು, ಬೆವರು ನಮ್ಮದು.