ಮುಟ್ಟು ನಿಂತ ಮೇಲೆ ಕೆಳಗಡೆ ಉರಿ, ಒಣಗಿದ ಅನುಭವ: ಅದು ನಿಜಕ್ಕೂ ‘ಉಷ್ಣ’ವೇ?

ಮೂತ್ರ ಮಾಡುವಾಗ ಉರಿ. ನಡೆದರೆ, ಕೂತರೆ ಕೆಳಗಡೆ ಏನೋ ಉಜ್ಜಿದ ಹಾಗೆ. ಮನೆಯಲ್ಲಿ ಹೇಳಿಕೊಂಡರೆ ಸಿಗುವ ಮೊದಲ ಉತ್ತರ, “ಉಷ್ಣ ಆಗಿರಬೇಕು, ಎಳನೀರು ಕುಡಿ.” ಎಳನೀರು, ಬಾರ್ಲಿ ನೀರು, ನೆನೆಸಿದ ಮೆಂತ್ಯ, ತಲೆಗೆ ಹರಳೆಣ್ಣೆ ಎಲ್ಲ ಆದ ಮೇಲೂ ಉರಿ ಹೋಗದಿದ್ದರೆ ಕೈ ಮೊಬೈಲಿಗೆ ಹೋಗುತ್ತದೆ. ಅಲ್ಲಿ ಮೊಸರು ಹಚ್ಚಿ ಎನ್ನುವ ಫಾರ್ವರ್ಡ್ ಇದೆ, ಪಟಿಕದ ನೀರಿನಲ್ಲಿ ತೊಳೆಯಿರಿ ಎನ್ನುವ ವಿಡಿಯೊ ಇದೆ. ಜೊತೆಗೆ “ಹಾರ್ಮೋನ್ ಕ್ರೀಮ್ ಹಚ್ಚಿದರೆ ಕ್ಯಾನ್ಸರ್ ಗ್ಯಾರಂಟಿ” ಎಂಬ ಎಚ್ಚರಿಕೆಯೂ ಇದೆ.

ಈ ತೊಂದರೆಗೆ ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತಿರುವ ಕಾರಣವಿದೆ, ದಶಕಗಳಿಂದ ಬಳಕೆಯಲ್ಲಿರುವ ಚಿಕಿತ್ಸೆಯೂ ಇದೆ. ಆದರೂ ಲಕ್ಷಾಂತರ ಹೆಂಗಸರು ಅದನ್ನು ವಯಸ್ಸಿನ ಲೆಕ್ಕಕ್ಕೆ, ಉಷ್ಣದ ಲೆಕ್ಕಕ್ಕೆ ಹಾಕಿ ಸುಮ್ಮನಿರುತ್ತಾರೆ. ಇದು ಗಂಡ ಹೆಂಡತಿಯ ವಿಷಯ ಮಾತ್ರ ಎಂದುಕೊಂಡವರೂ ಬಹಳ. ಗಂಡ ತೀರಿಕೊಂಡವರಿಗೂ, ಮದುವೆಯೇ ಆಗದವರಿಗೂ ಇದೇ ಉರಿ, ಇದೇ ತುರಿಕೆ ಬರುತ್ತದೆ.

ಒಳಗೆ ಆಗುವುದೇನು?

ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ಭಾರತದ ಹೆಂಗಸರಲ್ಲಿ ಇದು ಸರಾಸರಿ 46-47ನೇ ವಯಸ್ಸಿಗೆ, ಪಾಶ್ಚಾತ್ಯ ದೇಶಗಳಿಗಿಂತ ಕೆಲವು ವರ್ಷ ಮೊದಲೇ, ಆಗುತ್ತದೆ. ಆಗ ಅಂಡಾಶಯಗಳು ಈಸ್ಟ್ರೋಜೆನ್ ಎಂಬ ಹಾರ್ಮೋನನ್ನು ತಯಾರಿಸುವುದು ಬಹುಮಟ್ಟಿಗೆ ನಿಲ್ಲುತ್ತದೆ.

ಯೋನಿಯ ಒಳಪದರ ದಪ್ಪವಾಗಿ, ಒದ್ದೆಯಾಗಿ, ಹಿಗ್ಗುವಂತೆ ಇರಲು ಈ ಹಾರ್ಮೋನ್ ಬೇಕು. ಅದು ಇದ್ದಾಗ ಅಲ್ಲಿನ ಜೀವಕೋಶಗಳು ಗ್ಲೈಕೋಜೆನ್ ಎಂಬ ಸಕ್ಕರೆಯಂಥ ವಸ್ತುವನ್ನು ಕೂಡಿಟ್ಟುಕೊಳ್ಳುತ್ತವೆ. ಅದನ್ನು ಆಶ್ರಯಿಸಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಬದುಕುತ್ತವೆ, ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಆ ಆಮ್ಲವೇ ಬೇಡದ ರೋಗಾಣುಗಳಿಗೆ ಬೇಲಿ. ಈಸ್ಟ್ರೋಜೆನ್ ಇಳಿದರೆ ಪದರ ತೆಳುವಾಗುತ್ತದೆ, ಗ್ಲೈಕೋಜೆನ್ ಕಡಿಮೆಯಾಗುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ, ಆಮ್ಲೀಯತೆ ಹೋಗುತ್ತದೆ. ಮುಟ್ಟಾಗುವ ವಯಸ್ಸಿನಲ್ಲಿ 3.8ರಿಂದ 4.5ರ ಒಳಗಿರುವ ಪಿಎಚ್ ಈಗ 5ನ್ನು ದಾಟುತ್ತದೆ.

ಮೂತ್ರನಾಳ ಮತ್ತು ಮೂತ್ರಕೋಶದ ಬುಡದಲ್ಲೂ ಇದೇ ಹಾರ್ಮೋನನ್ನು ನಂಬಿದ ಅಂಗಾಂಶವಿದೆ. ಆದ್ದರಿಂದಲೇ ಉರಿಮೂತ್ರ, ಪದೇ ಪದೇ ಹೋಗಬೇಕೆನಿಸುವುದು, ತಡೆಯಲಾಗದ ಅವಸರ ಎಲ್ಲವೂ ಒಂದೇ ಕಂತೆಯಲ್ಲಿ ಬರುತ್ತವೆ. 2014ರಲ್ಲಿ ತಜ್ಞರ ಸಂಘಗಳು ಹಳೆಯ ಹೆಸರನ್ನು ಬಿಟ್ಟು, ಮೂತ್ರದ ತೊಂದರೆಗಳನ್ನೂ ಸೇರಿಸಿ ‘ಜೆನಿಟೋಯೂರಿನರಿ ಸಿಂಡ್ರೋಮ್ ಆಫ್ ಮೆನೋಪಾಸ್’ ಎಂದು ಕರೆದದ್ದು ಇದೇ ಕಾರಣಕ್ಕೆ. ಡಾಕ್ಟರ ಚೀಟಿಯಲ್ಲಿ ‘ಜಿಎಸ್ಎಂ’ ಎಂದು ಕಂಡರೆ ಗಾಬರಿ ಬೇಡ, ಅದು ಇದೇ.

ಮುಟ್ಟು ನಿಂತವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇದರ ಒಂದಲ್ಲ ಒಂದು ಲಕ್ಷಣ ಇರುತ್ತದೆ. ಮೈ ಬಿಸಿಯಾಗಿ ಬೆವರುವ ತೊಂದರೆ ಹೆಚ್ಚಿನವರಿಗೆ ಕೆಲವು ವರ್ಷಗಳಲ್ಲಿ ತಾನಾಗಿ ತಗ್ಗುತ್ತದೆ. ಇದು ಹಾಗಲ್ಲ, ಬಿಟ್ಟರೆ ಸಾಮಾನ್ಯವಾಗಿ ಹೆಚ್ಚುತ್ತಲೇ ಹೋಗುತ್ತದೆ. “ಸ್ವಲ್ಪ ದಿನ ತಡ್ಕೊ, ಸರಿಹೋಗುತ್ತೆ” ಎನ್ನುವ ಸಲಹೆ ಇಲ್ಲಿ ಕೆಲಸ ಮಾಡುವುದಿಲ್ಲ.

ಗರ್ಭಕೋಶದ ಆಪರೇಷನ್ ಆದವರ ಬಗ್ಗೆಯೂ ಹೇಳಬೇಕು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಮೂವರು ಗರ್ಭಕೋಶ ತೆಗೆಸಿಕೊಂಡಿದ್ದರು. ಜೊತೆಗೆ ಎರಡೂ ಅಂಡಾಶಯ ತೆಗೆದಿದ್ದರೆ ಮೂವತ್ತೈದರ ಹೆಣ್ಣಿಗೂ ಋತುಬಂಧ ಒಂದೇ ದಿನದಲ್ಲಿ ಬರುತ್ತದೆ. “ನನಗಿನ್ನೂ ಅಷ್ಟು ವಯಸ್ಸಾಗಿಲ್ಲ” ಎಂದುಕೊಳ್ಳುವ ಇವರಿಗೆ ಕಾರಣ ಹೊಳೆಯುವುದೇ ಇಲ್ಲ. ಆಪರೇಷನ್‌ನಲ್ಲಿ ಏನೇನು ತೆಗೆದರು ಎಂದು ಡಿಸ್ಚಾರ್ಜ್ ಚೀಟಿ ನೋಡಿ ತಿಳಿದುಕೊಳ್ಳುವುದು ಒಳ್ಳೆಯದು.

ಎಳನೀರು, ಆಂಟಿಬಯೋಟಿಕ್, ಮತ್ತೆ ಎಳನೀರು

ಎಳನೀರಿನ ಮೇಲೆ ನಮಗೇನೂ ಕೋಪವಿಲ್ಲ. ನೀರು ಕಡಿಮೆ ಕುಡಿದು ಮೂತ್ರ ಗಾಢವಾಗಿದ್ದರೆ ಅದರಿಂದ ಉರಿ ತಗ್ಗೀತು. ಆದರೆ ತೆಳುವಾದ ಪದರವನ್ನು ಅದು ದಪ್ಪ ಮಾಡಲಾರದು.

ಸಮಸ್ಯೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಉರಿ ಎಂದ ತಕ್ಷಣ ಮೆಡಿಕಲ್ ಶಾಪಿನಿಂದ ಮೂರು ದಿನದ ಆಂಟಿಬಯೋಟಿಕ್ ತಂದು ನುಂಗುವುದು ನಮ್ಮಲ್ಲಿ ಮಾಮೂಲು. ಸೋಂಕೇ ಇಲ್ಲದಿದ್ದರೆ ಆ ಮಾತ್ರೆ ದಂಡ. ಅಳಿದುಳಿದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಅದು ಕೊಲ್ಲಬಹುದು. ನಿಜವಾಗಿಯೂ ಸೋಂಕಿದ್ದರೆ ಮಾತ್ರೆಯಿಂದ ಈ ಸಲದ್ದು ವಾಸಿಯಾಗುತ್ತದೆ, ಬೇಲಿ ಮುರಿದೇ ಇರುವುದರಿಂದ ಮತ್ತೆ ಬರುತ್ತದೆ. ಹೀಗೆ ವರ್ಷಕ್ಕೆ ನಾಲ್ಕೈದು ಸಲ ಆಂಟಿಬಯೋಟಿಕ್ ತಿನ್ನುವ ಅಮ್ಮಂದಿರು, ಅತ್ತೆಯಂದಿರು ಬಹಳ ಮನೆಗಳಲ್ಲಿದ್ದಾರೆ.

ಇಸ್ರೇಲಿನಲ್ಲಿ ನಡೆದು 1993ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಮೂತ್ರದ ಸೋಂಕು ಪದೇ ಪದೇ ಬರುತ್ತಿದ್ದ, ಮುಟ್ಟು ನಿಂತ 93 ಮಹಿಳೆಯರಲ್ಲಿ ಕೆಲವರಿಗೆ ಯೋನಿಯೊಳಗೆ ಹಚ್ಚುವ ಈಸ್ಟ್ರಿಯೋಲ್ ಕ್ರೀಮ್, ಉಳಿದವರಿಗೆ ಔಷಧಿಯಿಲ್ಲದ ಕ್ರೀಮ್ ಕೊಟ್ಟರು. ಔಷಧಿಯಿಲ್ಲದ ಕ್ರೀಮ್ ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 5.9 ಸಲ ಸೋಂಕು ಬಂತು, ಈಸ್ಟ್ರಿಯೋಲ್ ಹಚ್ಚಿದವರಿಗೆ 0.5 ಸಲ. ಲ್ಯಾಕ್ಟೋಬ್ಯಾಸಿಲಸ್‌ಗಳೂ ಅವರಲ್ಲಿ ಮರಳಿ ಬಂದಿದ್ದವು. ಮೂವತ್ತು ವರ್ಷ ಹಳೆಯ ಈ ವಿಷಯ ಇನ್ನೂ ಮನೆಮನೆಗೆ ತಲುಪಿಲ್ಲ, ಪಟಿಕದ ವಿಡಿಯೊ ಮಾತ್ರ ತಲುಪುತ್ತಿದೆ.

ಮೊಸರು, ಪಟಿಕ, ತೆಂಗಿನೆಣ್ಣೆ

ಮೊಸರಿನಲ್ಲೂ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಹಾಲು ಹೆಪ್ಪಾಗಿಸುವ ತಳಿಗಳು ಬೇರೆ, ಯೋನಿಯಲ್ಲಿ ನೆಲೆಸುವ ಕ್ರಿಸ್ಪೇಟಸ್ ಮುಂತಾದವು ಬೇರೆ. ಸರಿಯಾದ ತಳಿಯನ್ನೇ ಬಿಟ್ಟರೂ ತಿನ್ನಲು ಗ್ಲೈಕೋಜೆನ್ ಇಲ್ಲದಿದ್ದರೆ ಅದು ಬರಡು ನೆಲಕ್ಕೆ ಬೀಜ ಎರಚಿದಂತೆ. ಮನೆಯ ಮೊಸರಿನಲ್ಲಿ ಯೀಸ್ಟ್ ಕೂಡ ಇರುತ್ತದೆ. ಊಟಕ್ಕೆ ಬಡಿಸಿಕೊಳ್ಳಿ, ಅಷ್ಟು ಸಾಕು.

ಪಟಿಕವಂತೂ ಬೇಡವೇ ಬೇಡ. ಅದರ ಗುಣವೇ ಚರ್ಮವನ್ನು ಬಿಗಿದು ಒಣಗಿಸುವುದು. ಡೆಟಾಲ್‌ನಂಥ ದ್ರಾವಣ, ನಿಂಬೆರಸ, ಅಡುಗೆ ಸೋಡ, ಪರಿಮಳದ ಸೋಪು ಇವೂ ತೆಳುವಾದ ಪದರವನ್ನು ಇನ್ನಷ್ಟು ಕೆರಳಿಸುತ್ತವೆ. ಯೋನಿಯ ಒಳಭಾಗವನ್ನು ತೊಳೆಯುವ ಅಗತ್ಯವೇ ಇಲ್ಲ. ಹೊರಭಾಗಕ್ಕೆ ಬರೀ ನೀರು ಸಾಕು, ದುಬಾರಿ ‘ಇಂಟಿಮೇಟ್ ವಾಶ್’ ಬಾಟಲಿ ಒಣಗುವಿಕೆಗೆ ಚಿಕಿತ್ಸೆ ಅಲ್ಲ.

ತೆಂಗಿನೆಣ್ಣೆ ಸ್ವಲ್ಪ ಬೇರೆ. ಹೊರಚರ್ಮದ ಉಜ್ಜಾಟಕ್ಕೆ ಶುದ್ಧ ಎಣ್ಣೆ ಹಚ್ಚಿ ಹಾಯೆನಿಸಿದರೆ ಅದರಲ್ಲಿ ದೊಡ್ಡ ಅಪಾಯವಿಲ್ಲ. ಒಳಗೆ ಹಾಕುವುದಕ್ಕೆ ಮಾತ್ರ ಭರವಸೆಯ ಪುರಾವೆ ಇಲ್ಲ. ಎಣ್ಣೆ ತಗುಲಿದರೆ ಲೇಟೆಕ್ಸ್ ಕಾಂಡೋಮ್ ಹರಿಯುತ್ತದೆ ಎನ್ನುವುದೂ ನೆನಪಿರಲಿ. ಪೆಟ್ರೋಲಿಯಂ ಜೆಲ್ಲಿಯನ್ನು ಒಳಗೆ ಬಳಸುವವರಲ್ಲಿ ಬ್ಯಾಕ್ಟೀರಿಯಾದ ತೊಂದರೆ ಹೆಚ್ಚು ಕಂಡುಬಂದಿದೆ.

ತುರಿಕೆಗೆಂದು ಹುಳುಕಡ್ಡಿಯ ಮುಲಾಮು ಹಚ್ಚುವ ಅಭ್ಯಾಸ ಇವೆಲ್ಲಕ್ಕಿಂತ ಕೆಟ್ಟದ್ದು. ಅಂಗಡಿಯಲ್ಲಿ ಕೇಳಿದರೆ ಕೊಡುವ ಹಲವು ಟ್ಯೂಬುಗಳಲ್ಲಿ ಬಲವಾದ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ಹಾಯೆನಿಸುತ್ತದೆ, ಡಾಕ್ಟರ ನಿಗಾ ಇಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಮೊದಲೇ ತೆಳುವಾದ ಚರ್ಮ ಇನ್ನೂ ತೆಳುವಾಗುತ್ತದೆ.

ಹಾಗಾದರೆ ಏನು ಮಾಡಬೇಕು?

ಮೊದಲ ಹೆಜ್ಜೆಗೆ ಹಾರ್ಮೋನ್ ಬೇಕಿಲ್ಲ. ಔಷಧಿ ಅಂಗಡಿಯಲ್ಲಿ ಎರಡು ಬಗೆಯ ಜೆಲ್ ಸಿಗುತ್ತದೆ, ಜನ ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಲೂಬ್ರಿಕೆಂಟ್ ಇರುವುದು ಸಂಭೋಗದ ಹೊತ್ತಿನ ಉಜ್ಜಾಟ ತಪ್ಪಿಸಲು, ಆ ಹೊತ್ತಿಗಷ್ಟೇ. ಯೋನಿಯ ಮಾಯಿಶ್ಚರೈಸರ್ ಅನ್ನು ಎರಡು ಮೂರು ದಿನಕ್ಕೊಮ್ಮೆ ಹಚ್ಚುತ್ತಾ ಹೋಗಬೇಕು, ದಿನವಿಡೀ ಒಣಗಿದಂತಾಗುವವರಿಗೆ ಅದು. ಪರಿಮಳ, ರುಚಿ, ‘ಬಿಸಿ ಅನುಭವ’ ಎಂದೆಲ್ಲ ಬರೆದಿರುವುದನ್ನು ಬಿಡಿ.

ಮಾಯಿಶ್ಚರೈಸರ್ ಎಂದರೆ ಕೈಲಾಗದ ಚಿಕಿತ್ಸೆ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 302 ಮಹಿಳೆಯರ ಮೇಲೆ 12 ವಾರ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಯೋನಿಯ ಈಸ್ಟ್ರೋಜೆನ್ ಮಾತ್ರೆ, ಮಾಯಿಶ್ಚರೈಸರ್, ಔಷಧಿಯಿಲ್ಲದ ಮಾತ್ರೆ ಹಾಗೂ ಸಾದಾ ಜೆಲ್, ಮೂರೂ ಗುಂಪುಗಳಿಗೆ ಹೆಚ್ಚುಕಡಿಮೆ ಒಂದೇ ಸಮನಾಗಿ ಆರಾಮವಾಯಿತು. ಹಾಗಾಗಿ ಅಗ್ಗದ್ದರಿಂದ ಶುರುಮಾಡುವುದರಲ್ಲಿ ತಪ್ಪಿಲ್ಲ. ಅದರಿಂದ ಸಾಲದಿದ್ದರೆ, ಮುಖ್ಯವಾಗಿ ಮೂತ್ರದ ಸೋಂಕು ಮರುಕಳಿಸುತ್ತಿದ್ದರೆ, ಡಾಕ್ಟರು ಬರೆದುಕೊಡುವ ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಕ್ರೀಮ್ ಅಥವಾ ಒಳಗಿಡುವ ಮಾತ್ರೆ ಇದೆ. ಸಾಮಾನ್ಯವಾಗಿ ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಗುಣ ಗೊತ್ತಾಗಲು ಕೆಲವು ವಾರ ಬೇಕು. ನಾಲ್ಕು ದಿನ ಹಚ್ಚಿ “ಇದೇನೂ ಪ್ರಯೋಜನವಿಲ್ಲ” ಎಂದು ಬಿಡುವವರೇ ಜಾಸ್ತಿ.

ಇನ್ನೊಂದು ಮಾತು ಗಂಡಸರಿಗೂ ಸೇರಿಸಿ. “ರೂಢಿ ತಪ್ಪದಿದ್ದರೆ ಸರಿಹೋಗುತ್ತದೆ” ಎಂದು ನೋವಿನಲ್ಲೂ ಒತ್ತಾಯದಿಂದ ಮುಂದುವರಿಸಿದರೆ ಅಲ್ಲಿನ ಸ್ನಾಯುಗಳು ಹೆದರಿ ಬಿಗಿಯುತ್ತವೆ, ಮುಂದಿನ ಸಲದ ನೋವು ಹೆಚ್ಚುತ್ತದೆ. ಮೊದಲು ಚಿಕಿತ್ಸೆ ಆಗಲಿ.

ಕ್ಯಾನ್ಸರ್ ಭಯ ಬಂದದ್ದು ಎಲ್ಲಿಂದ?

2002ರಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ದೊಡ್ಡ ಅಧ್ಯಯನದಿಂದ. 16,000ಕ್ಕೂ ಹೆಚ್ಚು ಮಹಿಳೆಯರಲ್ಲಿ ಒಂದು ಗುಂಪಿಗೆ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎರಡೂ ಇರುವ, ದಿನವೂ ನುಂಗುವ ಮಾತ್ರೆ ಕೊಟ್ಟಿದ್ದರು. ಸರಾಸರಿ ವಯಸ್ಸು 63. ಮಾತ್ರೆ ತಿಂದವರಲ್ಲಿ 10,000 ಮಂದಿಗೆ ವರ್ಷಕ್ಕೆ 8ರಂತೆ ಸ್ತನ ಕ್ಯಾನ್ಸರ್ ಪ್ರಕರಣಗಳು ಹೆಚ್ಚಾದವು. ಆ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ನುಂಗುವ ಮಾತ್ರೆಯ ಎಚ್ಚರಿಕೆಯನ್ನೇ ಹಚ್ಚುವ ಕ್ರೀಮಿನ ಡಬ್ಬಿಯ ಮೇಲೂ ಮುದ್ರಿಸಿದರು.

ಎರಡೂ ಒಂದೇ ಅಲ್ಲ. ಯೋನಿಯಲ್ಲಿಡುವ 10 ಮೈಕ್ರೋಗ್ರಾಂ ಮಾತ್ರೆಯನ್ನು ಇಡೀ ವರ್ಷ ಬಳಸಿದರೂ ಒಟ್ಟು ಈಸ್ಟ್ರೋಜೆನ್ ಸುಮಾರು 1.14 ಮಿಲಿಗ್ರಾಂ. ನುಂಗುವ ಒಂದು ಮಿಲಿಗ್ರಾಂ ಮಾತ್ರೆಯ ಹೆಚ್ಚುಕಡಿಮೆ ಒಂದು ದಿನದ ಲೆಕ್ಕ ಅದು. ರಕ್ತದಲ್ಲಿನ ಮಟ್ಟವೂ ಮುಟ್ಟು ನಿಂತವರ ಮಾಮೂಲಿ ಮಟ್ಟದಲ್ಲೇ ಉಳಿಯುತ್ತದೆ. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ ಯೋನಿಯ ಈಸ್ಟ್ರೋಜೆನ್ ಬಳಸಿದವರನ್ನು ವರ್ಷಗಟ್ಟಲೆ ಗಮನಿಸಿದ ವರದಿ 2018ರಲ್ಲಿ ಬಂತು. ಸ್ತನ ಕ್ಯಾನ್ಸರ್, ಗರ್ಭಕೋಶದ ಒಳಪದರದ ಕ್ಯಾನ್ಸರ್, ಪಾರ್ಶ್ವವಾಯು ಯಾವುದೂ ಅವರಲ್ಲಿ ಹೆಚ್ಚಾಗಿರಲಿಲ್ಲ. ಈಸ್ಟ್ರೋಜೆನ್ ಔಷಧಿಗಳ ಮೇಲಿನ ಆ ಹಳೆಯ ಎಚ್ಚರಿಕೆಯ ಹೆಚ್ಚಿನ ಭಾಗವನ್ನು ತೆಗೆಯುವುದಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು.

ಸ್ತನ ಕ್ಯಾನ್ಸರ್ ಆಗಿರುವವರ ವಿಷಯ ಬೇರೆ. ಲೆಟ್ರೋಝೋಲ್, ಅನಾಸ್ಟ್ರೋಝೋಲ್ ಮಾತ್ರೆ ತೆಗೆದುಕೊಳ್ಳುವವರಿಗೆ ಒಣಗುವಿಕೆ ಬಹಳ ತೀವ್ರವಾಗಿರುತ್ತದೆ. ಅವರು ಹಾರ್ಮೋನ್ ಇಲ್ಲದ ಜೆಲ್‌ಗಳಿಂದ ಶುರುಮಾಡಿ, ಕ್ರೀಮಿನ ಬಗ್ಗೆ ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಲೇಸರ್ ಜಾಹೀರಾತುಗಳ ಬಗ್ಗೆ ಎರಡೇ ಮಾತು. ‘ಯೋನಿ ಪುನಶ್ಚೇತನ’ದ ಹೆಸರಿನಲ್ಲಿ ಇವನ್ನು ಮಾರುವುದರ ವಿರುದ್ಧ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ನಿಜವಾದ ಲೇಸರ್‌ಗೂ ನಟನೆಯ ಲೇಸರ್‌ಗೂ ಒಂದು ವರ್ಷದ ನಂತರ ವ್ಯತ್ಯಾಸವೇ ಕಾಣಲಿಲ್ಲ ಎಂದು 2021ರಲ್ಲಿ ವರದಿಯಾಯಿತು.

ಕಾಯಬಾರದ ಲಕ್ಷಣಗಳು

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರ ಬಳಿ ಹೋಗಿ. “ಮತ್ತೆ ಮುಟ್ಟಾಯ್ತು” ಎಂದು ನಗಬೇಡಿ. ಹೆಚ್ಚಿನವರಲ್ಲಿ ಕಾರಣ ತೆಳುವಾದ ಪದರವೋ ಸಣ್ಣ ಗಡ್ಡೆಯೋ ಆಗಿರುತ್ತದೆ, ಆದರೆ ಇಂಥ ನೂರು ಮಂದಿಯಲ್ಲಿ ಸುಮಾರು ಒಂಬತ್ತು ಜನರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಬೇಗ ಸಿಕ್ಕರೆ ಅದು ಚೆನ್ನಾಗಿ ವಾಸಿಯಾಗುವ ಕ್ಯಾನ್ಸರ್. ಕೆಳಗಡೆ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು, ಗಂಟು, ದುರ್ವಾಸನೆಯ ಬಿಳಿಸೆರಗು ಇದ್ದರೂ ತಡಮಾಡಬೇಡಿ. ತುರಿಕೆ ವಿಪರೀತವಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ, ಈ ವಯಸ್ಸಿನಲ್ಲಿ ಯೀಸ್ಟ್ ಸೋಂಕಿನ ಹಿಂದೆ ಹಲವು ಸಲ ಅದೇ ಇರುತ್ತದೆ.

30ರಿಂದ 65 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಇದೆ. ಒಣಗಿದ ಜಾಗಕ್ಕೆ ಉಪಕರಣ ತಾಕಿದರೆ ನೋವಾಗುವುದರಿಂದ ಹಲವರು ಒಮ್ಮೆ ಹೋಗಿ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ನೋವಾಗುತ್ತದೆ ಎಂದು ಮೊದಲೇ ಹೇಳಿದರೆ ಚಿಕ್ಕ ಉಪಕರಣ ಬಳಸಬಹುದು, ಕೆಲವು ವಾರ ಕ್ರೀಮ್ ಕೊಟ್ಟು ಆಮೇಲೆ ಕರೆಯಬಹುದು.

ಡಾಕ್ಟರ ಮುಂದೆ ಬಾಯಿ ಬರದಿದ್ದರೆ ಉದ್ದ ವಿವರಣೆ ಬೇಕಿಲ್ಲ. “ಮುಟ್ಟು ನಿಂತು ಮೂರು ವರ್ಷ ಆಯ್ತು, ಕೆಳಗಡೆ ಒಣಗಿದ ಹಾಗಿದೆ, ಉರಿ ಇದೆ, ಈ ವರ್ಷ ಎರಡು ಸಲ ಮೂತ್ರದ ಸೋಂಕಿಗೆ ಮಾತ್ರೆ ತಗೊಂಡಿದ್ದೀನಿ.” ಇಷ್ಟು ಹೇಳಿದರೆ ಸ್ತ್ರೀರೋಗ ತಜ್ಞರಿಗೆ ಅರ್ಥವಾಗುತ್ತದೆ. ಹೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದು, ಇಲ್ಲವೇ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿ.