ಮಕ್ಕಳ ಕನ್ನಡ ಜೀವನಚರಿತ್ರೆ ಪುಸ್ತಕಗಳ ಬಗ್ಗೆ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಗ್ರಂಥಾಲಯ ಆಡಳಿತ ಮಂಡಳಿ, ಹೈದರಾಬಾದ್.

ವಿಷಯ: ಶಾಖಾ ಗ್ರಂಥಾಲಯದ ಕನ್ನಡ ಪುಸ್ತಕಗಳು ರದ್ದಿಗೆ ಹೋಗಿರುವ ಬಗ್ಗೆ.
ಉಲ್ಲೇಖ: ಇದೇ ವಿಷಯವಾಗಿ ಸಲ್ಲಿಸಿ, ಉತ್ತರ ಕಾಣದ ನಮ್ಮ ಹಿಂದಿನ ಅರ್ಜಿಗಳು.

ಮಾನ್ಯರೇ,

ಕೋಠಿ, ಸುಲ್ತಾನ್ ಬಜಾರ್, ಕಾಚಿಗುಡಾ ಸುತ್ತಮುತ್ತಲಿನ ಕನ್ನಡ ಪೋಷಕರಾದ ನಾವು ವಿನಂತಿಸಿಕೊಳ್ಳುವುದೇನೆಂದರೆ:

ನಮ್ಮ ಭಾಗದ ಶಾಖೆಯಲ್ಲಿ ಮಕ್ಕಳಿಗಾಗಿ ಒಂದು ಕನ್ನಡ ಬೀರು ಇತ್ತು. ಅದರಲ್ಲಿದ್ದವು ಹೆಚ್ಚಾಗಿ ಎಲ್. ಎಸ್. ಶೇಷಗಿರಿ ರಾವ್ ಅವರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಸಾಹಿತ್ಯ ಹೊರತಂದ ‘ಭಾರತ-ಭಾರತಿ’ ಮಾಲೆಯ ಪುಟ್ಟ ಜೀವನಚರಿತ್ರೆಗಳು. ಬೀದಿಯಲ್ಲಿ ಉರ್ದು-ತೆಲುಗು, ಶಾಲೆಯಲ್ಲಿ ಇಂಗ್ಲಿಷ್ ಆಡುವ ನಮ್ಮ ಮಕ್ಕಳು ಕನ್ನಡ ಅಕ್ಷರ ಕೂಡಿಸಿ ಓದಲು ಕಲಿತದ್ದು ಅವುಗಳಿಂದಲೇ. ಮೊದಲು ಬೀರುವಿಗೆ ಬೀಗ ಬಿತ್ತು. ಕೇಳಿದರೆ ‘ಸ್ಟಾಕ್ ವೆರಿಫಿಕೇಷನ್’ ಎಂದರು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಬೀರುವೇ ಇರಲಿಲ್ಲ. ಈಗ ಅದೇ ಪುಸ್ತಕಗಳು ಕೋಠಿ ಫುಟ್‌ಪಾತಿನ ಹಳೆ ಪುಸ್ತಕದ ರಾಶಿಯಲ್ಲಿ, ಗ್ರಂಥಾಲಯದ ಮೊಹರು ಸಮೇತ, ನಮ್ಮ ಸದಸ್ಯರೊಬ್ಬರ ಕೈಗೆ ಸಿಕ್ಕಿವೆ. ‘ರದ್ದು’ ಎಂಬ ಷರಾ ಒಂದರ ಮೇಲೂ ಇಲ್ಲ. ಮೊಹರಿನ ಪುಟಗಳ ಜೆರಾಕ್ಸ್, ನೋಂದಣಿ ಸಂಖ್ಯೆಗಳ ಪಟ್ಟಿ, ಅಂಗಡಿಯವರ ಕೈಚೀಟಿ, ರಾಶಿಯ ಫೋಟೊ, ಹಿಂದಿನ ಅರ್ಜಿಗಳ ಸ್ವೀಕೃತಿ ಎಲ್ಲವನ್ನೂ ಲಗತ್ತಿಸಿದೆ. ಪುಸ್ತಕ ವಜಾ ಮಾಡುವ ಕ್ರಮವನ್ನು ತಮಗೆ ನಾವು ತಿಳಿಸಬೇಕಾಗಿಲ್ಲ. 1960ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯೊಡನೆ ರೂಪಾಯಿಗೆ 8 ಪೈಸೆ ಉಪಕರ ಕಟ್ಟುವ ನಾವು, ಆ ಹಣದ ಪುಸ್ತಕಗಳನ್ನೇ ಮತ್ತೊಮ್ಮೆ ದುಡ್ಡು ಕೊಟ್ಟು ಬಿಡಿಸಿಕೊಂಡು ಬಂದಿದ್ದೇವೆ.

‘ಇಲ್ಲಿ ಕನ್ನಡ ಓದುವವರು ಯಾರಿದ್ದಾರೆ’ ಎಂಬ ಮಾತೂ ನಮ್ಮ ಕಿವಿಗೆ ಬಿದ್ದಿದೆ. ಓದಲು ನಮ್ಮ ಮಕ್ಕಳಿದ್ದಾರೆ, ಓದಿಸಲು ಈ ಊರಿನ ಚರಿತ್ರೆಯೇ ಇದೆ. 1857ರ ಜುಲೈ 17ರಂದು ಕೋಠಿಯ ಬ್ರಿಟಿಷ್ ರೆಸಿಡೆನ್ಸಿಯ ಮೇಲೆ ತುರ್ರೇಬಾಜ್ ಖಾನ್ ದಾಳಿ ಮಾಡಿದರು. ಮರುವರ್ಷ ದಂಗೆಯೆದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕರು ಸೆರೆಸಿಕ್ಕಿದ್ದು ಹೈದರಾಬಾದಿನಲ್ಲೇ. ಸಿಂದಗಿಯಲ್ಲಿ ಹುಟ್ಟಿ, ಹೈದರಾಬಾದ್ ವಿಮೋಚನಾ ಹೋರಾಟದ ಮುಂದಾಳಾದ ಸ್ವಾಮಿ ರಮಾನಂದ ತೀರ್ಥರ ಸ್ಮಾರಕ ಬೇಗಂಪೇಟೆಯಲ್ಲಿದೆ. ಇವರ ಕಥೆಯನ್ನು ನಮ್ಮ ಮಕ್ಕಳು ಮನೆಮಾತಿನಲ್ಲಿ ಓದಿದರೆ ಮಂಡಳಿಗೆ ಆಗುವ ನಷ್ಟವೇನು?

ಆದ್ದರಿಂದ ಪುಸ್ತಕಗಳು ಹೊರಹೋದ ಬಗ್ಗೆ ವಿಚಾರಣೆ ನಡೆಸಿ ವರದಿಯ ಪ್ರತಿ ಕೊಡಿಸಬೇಕು. ಮಾಲೆಯನ್ನು ಮತ್ತೆ ತರಿಸಿ, ಬೀಗವಿಲ್ಲದ ಕಪಾಟಿನಲ್ಲಿ, ಮಕ್ಕಳ ಕೈಗೆಟುಕುವಂತೆ ಇಡಿಸಬೇಕು. ಖರೀದಿಯ ವೇಳೆ, ಹೈದರಾಬಾದ್ ಕರ್ನಾಟಕದ ಮಹನೀಯರ ಕುರಿತು ನಮ್ಮ ಹಿರಿಯ ಸದಸ್ಯರೊಬ್ಬರು ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿರುವ ಪುಸ್ತಕವನ್ನೂ ಶಾಖೆಗೆ ಐದು ಪ್ರತಿಯಂತೆ ಕೊಳ್ಳಬಹುದು. ಕನ್ನಡ ಬಲ್ಲ ಅರೆಕಾಲಿಕ ಸಹಾಯಕರ ಅಗತ್ಯವಿದೆ. ಗ್ರಂಥಾಲಯ ವಿಜ್ಞಾನ ಓದಿರುವ ಯೋಗ್ಯ ಅಭ್ಯರ್ಥಿ ನಮ್ಮ ಖಜಾಂಚಿಯವರ ಮನೆಯಲ್ಲೇ ಇದ್ದಾರೆ. ಫ್ಯಾನು, ಕುಡಿಯುವ ನೀರು, ಚಪ್ಪಲಿ ಸ್ಟ್ಯಾಂಡು, ಮಳೆಗಾಲದಲ್ಲಿ ಸೋರುವ ಮೂಲೆ, ಇವನ್ನೂ ದಯಮಾಡಿ ಗಮನಿಸಬೇಕು.

ನವೆಂಬರ್ 1ರ ರಾಜ್ಯೋತ್ಸವಕ್ಕೆ ಮಕ್ಕಳು ಚರಿತ್ರೆಯ ವ್ಯಕ್ತಿಗಳ ವೇಷ ಹಾಕಿ ನಾಲ್ಕು ಮಾತಾಡಬೇಕಿದೆ. ಅಷ್ಟರೊಳಗೆ ಲಿಖಿತ ಉತ್ತರ ಬಾರದಿದ್ದರೆ, ಅದೇ ವೇಷದಲ್ಲಿ, ಮೊಹರಿನ ಪುಸ್ತಕಗಳ ಸಮೇತ ಅವರನ್ನು ತಮ್ಮ ಕಚೇರಿಗೆ ಕರೆತರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕೋಠಿ ಭಾಗದ ಕನ್ನಡ ಪೋಷಕರು
(ಸಹಿಗಳು ಹಿಂಬದಿಯಲ್ಲಿವೆ)